ಅಜ್ಜಿಮನೆಯಂತೆ ಕಾಣುವ ಪರರ ಮನೆ

ಪ್ರಶ್ನೆ: ನಾನು ಮೈಸೂರಿನಲ್ಲಿ ಹತ್ತನೇ ತರಗತಿಯವರೆಗೆ ಓದಿ, ಅಪ್ಪ-ಅಮ್ಮನೊಂದಿಗೆ ಅಮೆರಿಕಕ್ಕೆ ಹೋದವಳು. ಈಗ ಇಪ್ಪತ್ತಾರು ವರ್ಷ, ಅಲ್ಲಿನ ಪೌರತ್ವ ಪಡೆದಿದ್ದೇನೆ. ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕೋರ್‌ನ ಸ್ವಯಂಸೇವಕಿಯಾಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ನೇಪಾಳಕ್ಕೆ ಬಂದಿದ್ದು, ತರಬೇತಿಯ ಐದನೇ ವಾರ ನಡೆಯುತ್ತಿದೆ. ಬೆಟ್ಟದ ಹಳ್ಳಿಯೊಂದರಲ್ಲಿ ಬಾಹುನ್, ಅಂದರೆ ಬೆಟ್ಟದ ಬ್ರಾಹ್ಮಣ, ಕುಟುಂಬದ ಮನೆಯಲ್ಲಿದ್ದೇನೆ. ಜೊತೆಯವರಿಗೆ ಇದೆಲ್ಲ ಹೊಸದು, ನಿನಗೆ ಸುಲಭ ಎಂದು ಎಲ್ಲರೂ ಹೇಳಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಆಗಿರುವುದು ತದ್ವಿರುದ್ಧ. ಮೊದಲ ದಿನವೇ ನನ್ನ ‘ಥರ್’, ಅಂದರೆ ಮನೆತನದ ಹೆಸರು, ಯಾವುದೆಂದು ಕೇಳಿದರು. ನಮ್ಮಲ್ಲಿ ಅಪ್ಪನ ಹೆಸರನ್ನೇ ಹಾಕಿಕೊಳ್ಳುತ್ತೇವೆ ಎಂದರೆ ನಂಬಲಿಲ್ಲ. ಪಕ್ಕದ ಮನೆಯಲ್ಲಿರುವ ಬಿಳಿಯ ಗೆಳತಿಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಬಟ್ಟೆ ಒಗೆದರೆ ಮೆಚ್ಚುತ್ತಾರೆ, ನಾನು ಒಗೆದರೆ ಕೊಳೆ ಹೋಗಿಲ್ಲ ಎನ್ನುತ್ತಾರೆ. ಬಾಗಿಲು ಹಾಕಿಕೊಂಡರೆ ಐದು ನಿಮಿಷಕ್ಕೆ ಯಾರಾದರೂ ಬಡಿಯುತ್ತಾರೆ. ಬೇಡವೆಂದರೂ ಅನ್ನ ಬಡಿಸುತ್ತಾರೆ. ಅಂಗಡಿಯ ಹತ್ತಿರ ಹುಡುಗರು ‘ಧೋತಿ’ ಎಂದು ಕೂಗಿದರು. ಕಳೆದ ವಾರ ಮುಟ್ಟಾದಾಗ ಆಮಾ, ಅಂದರೆ ಆ ಮನೆಯ ತಾಯಿ, ಅಡುಗೆಮನೆಗೆ ಬರಬೇಡ ಎಂದು ಹೇಳಿ, ನಾಲ್ಕು ದಿನ ಕೋಣೆಗೇ ತಟ್ಟೆ ತಂದುಕೊಟ್ಟರು. ಇದೇ ವಿಷಯಕ್ಕೆ ಹದಿಮೂರನೇ ವಯಸ್ಸಿನಲ್ಲಿ ಅಜ್ಜಿಯ ಜೊತೆ ಜಗಳವಾಡಿದವಳು ನಾನು. ಆ ರಾತ್ರಿ ಅತ್ತುಬಿಟ್ಟೆ. ಮನೆ ಬದಲಿಸಿಕೊಡಿ ಎಂದು ಕೇಳಲೇ? ಮುಂದಿನ ಎರಡು ವರ್ಷವೂ ಇಂಥದೇ ಮನೆಯಲ್ಲಿ ಇರಬೇಕಾದರೆ ಈಗಲೇ ವಾಪಸ್ ಹೋಗಲೇ? ಇವರು ಕೆಟ್ಟವರಲ್ಲ, ಅದೇ ನನಗೆ ಇನ್ನೂ ಕಷ್ಟ.

ಉತ್ತರ: ನೀವು ಕೇಳಿರುವುದು ಮನೆ ಬದಲಿಸಲೇ, ವಾಪಸ್ ಹೋಗಲೇ ಎಂಬ ಎರಡು ಪ್ರಶ್ನೆಗಳನ್ನು. ಆದರೆ ಪತ್ರದ ಉದ್ದಕ್ಕೂ ಇರುವ ಅಳುಕು ಬೇರೆಯದೇ: ಉಳಿದವರಿಗಿಂತ ನನಗೆ ಸುಲಭವಾಗಬೇಕಿದ್ದ ಕೆಲಸ ನನಗೇ ಹೆಚ್ಚು ಕಷ್ಟವಾಗುತ್ತಿದೆ, ಹಾಗಾದರೆ ಕೊರತೆ ನನ್ನಲ್ಲೇ ಇರಬೇಕು ಎಂಬುದು. ಮೊದಲು ಅದನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಆ ಅಳುಕು ಇರುವವರೆಗೆ ಎರಡು ಪ್ರಶ್ನೆಗಳಿಗೂ ನೀವು ಸರಿಯಾದ ಉತ್ತರ ಕಂಡುಕೊಳ್ಳಲಾರಿರಿ.

ವಿದೇಶಗಳಿಂದ ಬರುವ ಸ್ವಯಂಸೇವಕರಿಗೂ ಅವರನ್ನು ಇಟ್ಟುಕೊಳ್ಳುವ ಮನೆಯವರಿಗೂ ತರಬೇತಿ ಕೊಡುವ ಕೆಲಸದಲ್ಲಿ ನಾನು ಹದಿನೆಂಟು ವರ್ಷ ಕಳೆದಿದ್ದೇನೆ. ಆರಂಭದ ದಿನಗಳಲ್ಲಿ ಭಾರತೀಯ ಮೂಲದ ಯುವತಿಯೊಬ್ಬಳಿಗೆ ನಾನೇ ‘ನಿಮಗೆ ಇದೆಲ್ಲ ಗೊತ್ತಿರುವುದೇ’ ಎಂದು ಹೇಳಿ, ಉಳಿದವರಿಗೆ ಎರಡು ದಿನ ಕೊಟ್ಟ ಪೂರ್ವಸಿದ್ಧತೆಯನ್ನು ಆಕೆಗೆ ಅರ್ಧ ದಿನದಲ್ಲಿ ಮುಗಿಸಿದ್ದೆ. ಆರನೇ ವಾರದಲ್ಲಿ ಆಕೆ ಊರಿಗೆ ಹೊರಟುಹೋದಳು. ಹೊರಡುವ ಮುನ್ನ ಆಕೆ ಹೇಳಿದ ಮಾತು ಇಂದಿಗೂ ನೆನಪಿದೆ: ಈ ಮನೆಯಲ್ಲಿ ನಾನು ಅತಿಥಿಯೂ ಅಲ್ಲ, ಮಗಳೂ ಅಲ್ಲ, ಪ್ರತಿದಿನ ಪರೀಕ್ಷೆಗೆ ಕೂತವಳು ಎಂದು. ಆ ತಪ್ಪು ನನ್ನದು. ಹತ್ತಿರದ ಸಂಸ್ಕೃತಿ ಎಂದರೆ ಹೊಂದಿಕೆ ಸುಲಭ ಎಂಬ ನಂಬಿಕೆ ನಮ್ಮ ಕ್ಷೇತ್ರದಲ್ಲೂ ಬಹುಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ನಿಮ್ಮ ಕಷ್ಟಕ್ಕೆ ಮೂಲ ಆ ಮನೆಗೂ ನಿಮಗೂ ಇರುವ ವ್ಯತ್ಯಾಸವಲ್ಲ, ಹೋಲಿಕೆ. ನಿಮ್ಮ ನೇಪಾಳಿ ಪಾಠದಿಂದಲೇ ಮೂರು ಪದ ತೆಗೆದುಕೊಳ್ಳಿ. ‘ಶಿಕ್ಷಾ’ ಎಂದರೆ ಅಲ್ಲಿ ವಿದ್ಯಾಭ್ಯಾಸ, ನಮಗೆ ಶಿಕ್ಷೆ ಎಂದರೆ ದಂಡನೆ. ‘ಸಂಸಾರ್’ ಎಂದರೆ ಅಲ್ಲಿ ಇಡೀ ಜಗತ್ತು, ನಮಗೆ ಸಂಸಾರವೆಂದರೆ ಗಂಡ, ಹೆಂಡತಿ, ಮಕ್ಕಳು. ‘ಅವಕಾಶ್’ ಎಂದರೆ ಅಲ್ಲಿ ರಜೆ ಅಥವಾ ನಿವೃತ್ತಿ. ನಿಮ್ಮ ಬಿಳಿಯ ಗೆಳತಿ ಈ ಪದಗಳನ್ನು ಹೊಸದಾಗಿ ಕಲಿತು ಮುಂದೆ ಹೋಗುತ್ತಾಳೆ. ನೀವಾದರೋ ಮೊದಲು ಕನ್ನಡದ ಅರ್ಥವನ್ನು ಮರೆತು, ಆಮೇಲೆ ನೇಪಾಳಿಯ ಅರ್ಥವನ್ನು ಕಲಿಯಬೇಕು. ಮನೆಯ ವಿಷಯದಲ್ಲಿ ಆಗುತ್ತಿರುವುದೂ ಇದೇ. ಆಮಾ ಅನ್ನದ ಸೌಟನ್ನು ತಟ್ಟೆಗೆ ತಾಗಿಸದೆ ಒಂದು ಗೇಣು ಮೇಲೆ ಹಿಡಿದು ಬಡಿಸುವುದನ್ನು ಕಂಡಾಗ, ಅದು ‘ಜುಠೊ’ ಆಗಬಾರದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ, ಎಂಜಲು ಎಂಬ ಪದ ನಿಮ್ಮ ಮೈಯಲ್ಲೇ ಇದೆ. ಆದರೆ ಆ ತಿಳಿವಳಿಕೆಯ ಜೊತೆಗೆ ಅಜ್ಜಿಯ ಗದರಿಕೆ, ನಿಮ್ಮ ಹದಿಮೂರನೇ ವಯಸ್ಸಿನ ಸಿಟ್ಟು, ಗೆಲ್ಲದೆ ಬಿಟ್ಟ ಜಗಳ ಎಲ್ಲವೂ ಎದ್ದು ಬರುತ್ತವೆ. ಐದು ವಾರದ ಹಿಂದೆ ಪರಿಚಯವಾದ ಹೆಂಗಸಿಗೆ ನೀವು ಅಜ್ಜಿಗೆ ಕೊಡಬೇಕಿದ್ದ ಉತ್ತರವನ್ನು ಕೊಡಲು ಹೊರಟಿದ್ದೀರಿ. ಆ ರಾತ್ರಿ ಅತ್ತದ್ದು ಅದಕ್ಕೇ ಇರಬೇಕು ಎಂದು ನನ್ನ ಅನಿಸಿಕೆ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಪಕ್ಕಕ್ಕಿಡಬೇಕು. ಮೊದಲು ಸಂಭ್ರಮ, ಆಮೇಲೆ ಕುಸಿತ, ಕೊನೆಗೆ ಚೇತರಿಕೆ ಎಂಬ ನಕ್ಷೆಯೊಂದನ್ನು ತರಬೇತಿಗಳಲ್ಲಿ ತೋರಿಸುವುದುಂಟು. 1955ರಲ್ಲಿ ನಾರ್ವೆಯ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ಮಾತಾಡಿಸಿ ಕಂಡುಕೊಂಡ ವಿಚಾರ ಅದು. ಆಮೇಲೆ ಅದೇ ನಿಯಮವೆಂಬಂತೆ ಹಬ್ಬಿತು. ನಂತರ ಹೊಸದಾಗಿ ಹೋದವರನ್ನೇ ತಿಂಗಳುಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನಗಳಲ್ಲಿ, ಅನೇಕರಿಗೆ ಅತಿ ಹೆಚ್ಚು ಒತ್ತಡವಿರುವುದು ಆರಂಭದಲ್ಲೇ ಎಂದು ಕಂಡುಬಂದಿದೆ. ಮೊದಲ ವಾರ ನಿಮಗೆ ಸಂಭ್ರಮ ಆಗಲಿಲ್ಲವೆಂದರೆ ಏನೂ ಕೆಟ್ಟಿಲ್ಲ, ಐದನೇ ವಾರದ ಅಳು ಇನ್ನೂ ಆಳದ ಕುಸಿತಕ್ಕೆ ಮುನ್ಸೂಚನೆಯೂ ಅಲ್ಲ.

ಈಗ ‘ಥರ್’ ವಿಷಯ. ಗೆಳತಿಯನ್ನು ಕೇಳದೆ ನಿಮ್ಮನ್ನು ಮಾತ್ರ ಏಕೆ ಕೇಳಿದರು ಎಂಬುದಕ್ಕೆ ಚರಿತ್ರೆಯಿದೆ. ಜಂಗ್ ಬಹಾದುರ್ ರಾಣಾ 1854ರಲ್ಲಿ ತಂದ ಮುಲುಕಿ ಐನ್ ಎಂಬ ಕಾನೂನು ಇಡೀ ದೇಶದ ಜನರನ್ನು, ಯಾರ ಕೈಯ ನೀರು ಯಾರು ಕುಡಿಯಬಹುದು ಎಂಬ ಲೆಕ್ಕದಲ್ಲಿ, ಮೇಲಿನಿಂದ ಕೆಳಗೆ ಜೋಡಿಸಿತ್ತು. ಯುರೋಪಿನವರಿಗೂ ಅದರಲ್ಲಿ ಒಂದು ಸ್ಥಾನವಿತ್ತು: ಮುಟ್ಟಿಸಿಕೊಳ್ಳಬಹುದು, ಅವರ ಕೈಯ ನೀರು ಮಾತ್ರ ಕುಡಿಯುವಂತಿಲ್ಲ. 1963ರ ಹೊಸ ಕಾನೂನಿನಲ್ಲಿ ಆ ಶ್ರೇಣಿ ಹೋಯಿತು, 2011ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಪ್ರತ್ಯೇಕ ಕಾಯಿದೆಯೂ ಬಂತು. ಬಿಳಿಯ ವಿದೇಶಿಯರು ಇಂದು ಹೆಚ್ಚಿನ ಮನೆಗಳಲ್ಲಿ ಆ ಲೆಕ್ಕದ ಹೊರಗಿನವರು. ನೀವು ಹೊರಗಿನವರಾಗಿ ಕಾಣುವುದಿಲ್ಲ. ನಿಮ್ಮನ್ನು ತಮ್ಮವರ ಸಾಲಿನಲ್ಲಿ ಎಲ್ಲಿ ಕೂರಿಸಬೇಕೆಂದು ಅವರಿಗೆ ತಿಳಿಯದ ಕಾರಣಕ್ಕೇ ಕೇಳುತ್ತಾರೆ. ನಿಮ್ಮ ಜಾತಿ ಯಾವುದೆಂದು ಪತ್ರದಲ್ಲಿ ನೀವು ಬರೆದಿಲ್ಲ, ಬರೆಯದಿದ್ದುದು ಒಳ್ಳೆಯದೇ ಆಯಿತು, ಏಕೆಂದರೆ ನನ್ನ ಉತ್ತರ ಅದರ ಮೇಲೆ ನಿಂತಿಲ್ಲ.

ಇಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ, ಮೂರಕ್ಕೂ ಬೆಲೆಯಿದೆ. ಇದ್ದುದನ್ನು ಇದ್ದಂತೆ ಹೇಳಿದರೆ ಪ್ರಶ್ನೆ ನಿಲ್ಲುತ್ತದೆ, ಆದರೆ ಅವರು ‘ಮೇಲಿನ’ದೆಂದು ತಿಳಿಯುವ ಜಾತಿಯಾಗಿದ್ದರೆ ಅಡುಗೆಮನೆಯ ಬಾಗಿಲು ನಿಮಗೆ ತೆರೆಯುವುದು ಇನ್ನೊಬ್ಬರಿಗೆ ಮುಚ್ಚಿರುವ ಕಾರಣಕ್ಕೆ, ‘ಕೆಳಗಿನ’ದೆಂದು ತಿಳಿಯುವುದಾಗಿದ್ದರೆ ನಾಳೆಯಿಂದ ತಟ್ಟೆ ಇಡುವ ಜಾಗ ಬದಲಾಗಬಹುದು. ಸುಳ್ಳು ಹೇಳುವುದು ಎರಡನೆಯದು. ಹಳ್ಳಿಯಲ್ಲಿ ಸುಳ್ಳಿಗೆ ಆಯುಷ್ಯ ಕಡಿಮೆ, ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ‘ನಮ್ಮ ಮನೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಪ್ಪನ ಹೆಸರೇ ನನ್ನ ಹೆಸರು’ ಎಂದು ನಗುಮುಖದಿಂದ, ಎಷ್ಟು ಸಲ ಕೇಳಿದರೂ ಅದೇ ಮಾತಿನಲ್ಲಿ ಹೇಳುವುದು ಮೂರನೆಯದು. ಇದರಿಂದ ಕೆಲವು ವಾರ ಮುಜುಗರ ಇದ್ದೇ ಇರುತ್ತದೆ. ಆದರೂ ಮೂರರಲ್ಲಿ ನನ್ನ ಮತ ಇದಕ್ಕೇ. ನಾಳೆ ನೀವು ಪಾಠ ಮಾಡುವ ತರಗತಿಯಲ್ಲಿ ದಲಿತ ಮಕ್ಕಳೂ ಇರುತ್ತಾರೆ. ಟೀಚರ್ ಯಾವ ಮನೆಯಲ್ಲಿ ಏನು ಹೇಳಿಕೊಂಡಿದ್ದಾರೆ ಎಂಬುದು ಅವರ ಕಿವಿಗೂ ಬೀಳುತ್ತದೆ.

‘ಧೋತಿ’ ಎಂಬುದು ಬೈಗುಳ, ಅದನ್ನು ಮೃದುಮಾಡಿ ಹೇಳಲಾರೆ. ಭಾರತೀಯರಿಗಷ್ಟೇ ಅಲ್ಲ, ತರಾಯಿ ಬಯಲಿನ ನೇಪಾಳಿ ಪ್ರಜೆಗಳಾದ ಮಧೇಶಿಗಳಿಗೂ ಬೆಟ್ಟದವರು ಇದೇ ಪದ ಬಳಸಿ ಹೀಗಳೆಯುವುದುಂಟು. 2015ರ ಏಪ್ರಿಲ್‌ನಲ್ಲಿ ಭೂಕಂಪವಾಗಿ ಐದು ತಿಂಗಳಾಗಿತ್ತಷ್ಟೇ, ಹೊಸ ಸಂವಿಧಾನ ಬಂದ ಬೆನ್ನಿಗೆ ಭಾರತದ ಗಡಿಯಲ್ಲಿ ಸರಕು ನಿಂತು, ಅಡುಗೆ ಅನಿಲವೂ ಔಷಧಿಯೂ ಸಿಗದೆ ಜನ ತಿಂಗಳುಗಟ್ಟಲೆ ಪರದಾಡಿದರು. ಆ ಕಹಿ ಇನ್ನೂ ಅನೇಕರಲ್ಲಿದೆ. ಇದನ್ನು ಹೇಳುತ್ತಿರುವುದು ಹುಡುಗರನ್ನು ಸಮರ್ಥಿಸಲು ಅಲ್ಲ. ಆ ಬೈಗುಳ ನಿಮ್ಮನ್ನು ನೋಡಿ ಹುಟ್ಟಿದ್ದಲ್ಲ ಎಂದು ನಿಮಗೆ ತಿಳಿಯಲಿ ಎಂದು. ಮನೆಯವರಿಗೆ ಈ ವಿಷಯ ಹೇಳಿ. ‘ನಮ್ಮ ಮನೆಯ ಹುಡುಗಿಗೆ ಹಾಗನ್ನಬೇಡ’ ಎಂದು ಮನೆಯ ಯಜಮಾನರು ಅಂಗಡಿಯಲ್ಲಿ ಒಂದು ಮಾತು ಆಡಿದರೆ, ನೀವು ನೂರು ಸಲ ವಾದ ಮಾಡಿ ಸಾಧಿಸಲಾಗದ್ದು ಆಗುತ್ತದೆ. ಮತ್ತೆ ಮತ್ತೆ ನಡೆದರೆ ನಿಮ್ಮ ಸಂಸ್ಥೆಯ ಕಚೇರಿಯಲ್ಲಿ ದಾಖಲಾಗಲಿ. ಇದರ ಜೊತೆ ಒಂದು ಕೆಲಸ ನೀವೂ ಮಾಡಬೇಕು: ಹಿಂದಿ ನಿಲ್ಲಿಸಿ. ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ, ಆದರೆ ಹಿಂದಿ ಬರುವವರೆಲ್ಲ ಮೊದಲ ತಿಂಗಳು ಅದರಲ್ಲೇ ದಿನ ದೂಡುವುದನ್ನು ನಾನು ನೋಡಿದ್ದೇನೆ. ಹಿಂದಿಯಲ್ಲಿ ಮಾತಾಡಿದಷ್ಟೂ ದಿನ ನೀವು ಆ ಊರಿಗೆ ಭಾರತದ ಹುಡುಗಿಯೇ. ತಪ್ಪುತಪ್ಪು ನೇಪಾಳಿಯಲ್ಲಿ ತೊದಲತೊಡಗಿದ ದಿನದಿಂದ ನೀವು ಕಲಿಯಲು ಬಂದವರು, ಆಗ ಬಟ್ಟೆಯ ಕೊಳೆಯನ್ನೂ ನಿಮ್ಮ ಲೆಕ್ಕಕ್ಕೆ ಅಷ್ಟು ಬೇಗ ಬರೆಯುವುದಿಲ್ಲ.

ಬಾಗಿಲು ಮತ್ತು ಅನ್ನದ ವಿಷಯ ಇಷ್ಟು ಜಟಿಲವಲ್ಲ. ಆತಿಥೇಯ ಕುಟುಂಬಗಳ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ: ದುಡ್ಡಿಗಾಗಿ ಇಟ್ಟುಕೊಳ್ಳುತ್ತಾರೆ ಎಂಬುದೊಂದು, ಬರೀ ಪ್ರೀತಿಯಿಂದ ಇಟ್ಟುಕೊಳ್ಳುತ್ತಾರೆ ಎಂಬುದಿನ್ನೊಂದು. ಊಟ-ವಸತಿಗೆಂದು ಸಂಸ್ಥೆ ಹಣ ಕೊಡುತ್ತದೆ, ಅದು ಆ ಮನೆಗೆ ಬೇಕೂ ಆಗಿರುತ್ತದೆ. ಆದರೆ ನಾನು ಕಂಡ ಆತಿಥೇಯ ತಾಯಂದಿರಲ್ಲಿ ಹಣಕ್ಕಿಂತ, ಪ್ರೀತಿಗಿಂತ ಮುಂದೆ ನಿಲ್ಲುವುದು ಭಯ. ನೀವು ಬರುವ ಮೊದಲೇ ಅವರನ್ನು ಕೂರಿಸಿ, ನೀರು ಕುದಿಸಬೇಕು, ಸೊಪ್ಪು ಹೀಗೆ ತೊಳೆಯಬೇಕು, ಕತ್ತಲಾದ ಮೇಲೆ ಎಲ್ಲಿಗೆ ಹೋದರೆಂದು ಗೊತ್ತಿರಬೇಕು ಎಂದು ಹೇಳಿಕೊಟ್ಟಿರುತ್ತಾರೆ. ಒಂದು ಮನೆಯಲ್ಲಿ ತಾಯಿಯೊಬ್ಬರು ಕುದಿಸಿ ಆರಿಸಿದ ನೀರಿನ ಆರು ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಯಾವುದು ಯಾವ ಹೊತ್ತಿನದೆಂದು ನನಗೆ ಬೆರಳಿಟ್ಟು ತೋರಿಸಿದ್ದರು. ಹುಡುಗನಿಗೆ ಭೇದಿಯಾದರೆ ಊರೆಲ್ಲ ನನ್ನ ಅಡುಗೆಗೆ ಹೆಸರಿಡುತ್ತದೆ ಎಂಬುದು ಆಕೆಯ ಚಿಂತೆ. ಅಂಥವರ ಮನೆಯಲ್ಲಿ ಮುಚ್ಚಿದ ಬಾಗಿಲು ಎಂದರೆ ಒಳಗಿರುವವರಿಗೆ ಜ್ವರ ಬಂದಿದೆ, ಇಲ್ಲವೇ ಸಿಟ್ಟು ಬಂದಿದೆ ಎಂದರ್ಥ. ನಮ್ಮ ಹಳ್ಳಿಮನೆಗಳಲ್ಲೂ ಹಾಗೇ ಅಲ್ಲವೇ? ಆದ್ದರಿಂದ ಬಾಗಿಲು ಹಾಕುವ ಮೊದಲು ಕಾರಣ ಹೇಳಿ: ‘ಪಢ್ನು ಪರ್ಛ’, ಓದಬೇಕಿದೆ. ಓದುವವರನ್ನು ಆ ಮನೆಗಳಲ್ಲಿ ಯಾರೂ ಎಬ್ಬಿಸುವುದಿಲ್ಲ. ಅದಕ್ಕೂ ಮುಂಚೆ ಅರ್ಧ ಗಂಟೆ ಪಿಂಢಿಯಲ್ಲಿ, ಅಂದರೆ ಅವರ ಜಗಲಿಯಲ್ಲಿ, ಕೂತು ಮಾತಾಡಿ ಹೋದರೆ ಇನ್ನೂ ಒಳ್ಳೆಯದು. ನೀವು ಕೊಟ್ಟ ಅರ್ಧ ಗಂಟೆಗೆ ಅವರು ಎರಡು ಗಂಟೆ ಬಿಟ್ಟುಕೊಡುತ್ತಾರೆ.

ಊಟದಲ್ಲಿ ತಪ್ಪುತ್ತಿರುವುದು ಲೆಕ್ಕಾಚಾರ. ಮೊದಲ ಸಲ ತಟ್ಟೆಗೆ ಬಿದ್ದುದನ್ನೆಲ್ಲ ಉಂಡು, ಎರಡನೆಯ ಸಲಕ್ಕೆ ಬೇಡವೆನ್ನುತ್ತಿದ್ದೀರಿ ಎಂದು ಕಾಣುತ್ತದೆ. ಬಡಿಸುವವರ ಸಂತೋಷವಿರುವುದು ಎರಡನೆಯ ಬಾರಿ ಹಾಕುವುದರಲ್ಲಿ. ಮೊದಲು ‘ಅಲಿಕತಿ’, ಸ್ವಲ್ಪವೇ, ಎಂದು ಹಾಕಿಸಿಕೊಂಡು, ಎರಡನೆಯ ಸಲಕ್ಕೆ ಜಾಗ ಉಳಿಸಿಕೊಳ್ಳಿ. ಆಮೇಲೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಪುಗ್ಯೊ’, ಸಾಕು, ಎಂದರೆ ಆಯಿತು. ತಟ್ಟೆಯಲ್ಲಿ ಬಿಟ್ಟರೆ ಅದು ಜುಠೊ, ಮನೆಯವರ್‍ಯಾರೂ ತಿನ್ನುವಂತಿಲ್ಲ, ಅದು ಅವರಿಗೆ ನೋವು.

ಮುಟ್ಟಿನ ವಿಷಯಕ್ಕೆ ಬರುತ್ತೇನೆ. ನಾವು ಹೊರಗಾಗುವುದು ಎನ್ನುತ್ತಿದ್ದುದನ್ನು ಅವರು ‘ಪರ ಸರ್ನು’, ದೂರ ಸರಿಯುವುದು, ಎನ್ನುತ್ತಾರೆ. ಪದಗಳೇ ಒಂದಕ್ಕೊಂದು ಹತ್ತಿರ. ಇದನ್ನೂ ಛೌಪದಿಯನ್ನೂ ಒಂದೇ ಎಂದು ಕೆಲವರು ಭಾವಿಸುತ್ತಾರೆ. ಛೌಪದಿಯೆಂದರೆ ದೇಶದ ಪಶ್ಚಿಮದ ಜಿಲ್ಲೆಗಳಲ್ಲಿ ಹೆಂಗಸರನ್ನು ಆ ದಿನಗಳಲ್ಲಿ ಗುಡಿಸಲಿಗೋ ದನದ ಕೊಟ್ಟಿಗೆಗೋ ಕಳಿಸುವ ಪದ್ಧತಿ. ಚಳಿಗೆ ಹಾಕಿದ ಬೆಂಕಿಯ ಹೊಗೆಯಿಂದ, ಹಾವು ಕಚ್ಚಿ ಅಲ್ಲಿ ಹೆಣ್ಣುಮಕ್ಕಳು ಸತ್ತಿದ್ದಾರೆ. 2005ರಲ್ಲೇ ಸುಪ್ರೀಂ ಕೋರ್ಟ್ ಅದರ ವಿರುದ್ಧ ಆದೇಶಿಸಿತು, 2017ರಲ್ಲಿ ಅಂಗೀಕಾರವಾದ ಅಪರಾಧ ಸಂಹಿತೆಯ ಪ್ರಕಾರ ಹಾಗೆ ಮಾಡಿಸುವವರಿಗೆ ಮೂರು ತಿಂಗಳವರೆಗೆ ಜೈಲು, ಮೂರು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಮ್ಮನ್ನು ಯಾವತ್ತಾದರೂ ಯಾರಾದರೂ ಮನೆಯ ಹೊರಗೆ ಮಲಗಲು ಹೇಳಿದರೆ ಅದು ಹೊಂದಿಕೊಳ್ಳಬೇಕಾದ ವಿಷಯವೇ ಅಲ್ಲ, ಆ ಕ್ಷಣವೇ ಕಚೇರಿಗೆ ಫೋನ್ ಮಾಡಿ. ನಿಮಗೆ ಆಗಿರುವುದು ಅಡುಗೆಮನೆಯ ನಿರ್ಬಂಧ. ಜೀವಕ್ಕೆ ಅಪಾಯವಿಲ್ಲ, ಮನಸ್ಸಿಗೆ ಗಾಯವಿದೆ. ಆ ಗಾಯವನ್ನು ಸಣ್ಣದೆಂದು ನಾನು ಹೇಳುವುದಿಲ್ಲ.

ಹಲವು ಸ್ವಯಂಸೇವಕಿಯರು ಮನೆಯವರಿಗೆ ಹೇಳದೇ ಇದ್ದುಬಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ನಿಮ್ಮ ದೇಹದ ಸುದ್ದಿಯನ್ನು ಸಾರಿ ಹೇಳುವ ಕರ್ತವ್ಯ ನಿಮಗಿಲ್ಲ. ಆದರೆ ನೇರವಾಗಿ ಕೇಳಿದಾಗ ಇಲ್ಲವೆಂದು ಸುಳ್ಳು ಹೇಳಿ, ಆಮೇಲೆ ಒಣಹಾಕಿದ ಬಟ್ಟೆಯಿಂದಲೋ ಕಸದಿಂದಲೋ ಗೊತ್ತಾದರೆ, ದೇವರ ಮನೆ ಮೈಲಿಗೆಯಾಯಿತು ಎಂಬುದಕ್ಕಿಂತ ಈ ಹುಡುಗಿ ನಮಗೆ ಮೋಸ ಮಾಡಿದಳು ಎಂಬುದು ಅವರಿಗೆ ದೊಡ್ಡದಾಗುತ್ತದೆ. ನಿಯಮವನ್ನು ಹಾಗೇ ಪಾಲಿಸುವುದು ಇನ್ನೊಂದು ದಾರಿ. ಉಳಿದಿರುವ ಏಳೆಂಟು ವಾರಕ್ಕೆ ಅದು ಸಾಧ್ಯವಾಗಬಹುದು, ಎರಡು ವರ್ಷಕ್ಕೆ ನಿಮ್ಮಂಥವರಿಗೆ ಸಾಧ್ಯವಾಗಲಾರದು, ಒಳಗೊಳಗೇ ಸಿಟ್ಟು ಬೆಳೆದು ಸಂಬಂಧವನ್ನೇ ತಿಂದುಹಾಕುತ್ತದೆ. ನನಗೆ ಸರಿಯೆನಿಸುವುದು ನಡುವಿನ ಮಾತುಕತೆ. ಅಡುಗೆ ಒಲೆಯೂ ದೇವರ ಮೂಲೆಯೂ ಅವರದು, ಅಲ್ಲಿ ಅವರ ಮಾತು ನಡೆಯಲಿ. ಆದರೆ ಕೋಣೆಯಲ್ಲಿ ಒಬ್ಬಳೇ ಉಣ್ಣುವುದು ಬೇಡ, ಎಲ್ಲರೂ ಉಣ್ಣುವ ಹೊತ್ತಿಗೆ ಜಗಲಿಯಲ್ಲೋ ಹೊರಕೋಣೆಯಲ್ಲೋ ಜೊತೆಗೆ ಕೂತು ಉಣ್ಣುತ್ತೇನೆ ಎಂದು ಕೇಳಿ. ಎಷ್ಟೋ ಮನೆಗಳಲ್ಲಿ ಇದಕ್ಕೆ ಒಪ್ಪಿದ್ದಾರೆ. ಒಪ್ಪದ ಮನೆಗಳೂ ಇವೆ. ಕೇಳುವಾಗ ಅದರ ಹಿಂದೆ ಅಜ್ಜಿಯ ಜಗಳ ಇರಬಾರದು. ಆಮಾಗೆ ಗೊತ್ತಿರುವುದು ತಮ್ಮ ಅತ್ತೆ ಹೇಳಿಕೊಟ್ಟದ್ದು, ನಿಮ್ಮ ಅಜ್ಜಿ ಯಾರೆಂದೂ ಅವರಿಗೆ ಗೊತ್ತಿಲ್ಲ.

ಮನೆ ಬದಲಿಸಲು ಕೇಳುವ ಹಕ್ಕು ನಿಮಗಿದೆ. ಕೋಣೆಗೆ ಚಿಲಕವಿಲ್ಲದಿದ್ದರೆ, ಯಾರಾದರೂ ಕುಡಿದು ಬಂದು ಹೆದರಿಸಿದರೆ, ಮೈಮುಟ್ಟಿದರೆ, ಹಣಕ್ಕೆ ಪೀಡಿಸಿದರೆ, ಊಟದಿಂದ ಪದೇ ಪದೇ ಕಾಯಿಲೆ ಬಿದ್ದರೆ ಒಂದು ದಿನವೂ ಕಾಯಬೇಡಿ. ನೀವು ಬರೆದಿರುವುದರಲ್ಲಿ ಇವ್ಯಾವುವೂ ಇಲ್ಲ. ಬೇಸರದ ಕಾರಣಕ್ಕೆ ಬದಲಿಸಿದರೆ, ಅದೇ ಹಳ್ಳಿಯ ಇನ್ನೊಂದು ಮನೆಯಲ್ಲೂ ಇದೇ ನಿಯಮಗಳಿರುವ ಸಂಭವ ಹೆಚ್ಚು. ಜೊತೆಗೆ, ನೀವು ಬಿಟ್ಟುಬಂದ ಮನೆಯ ಮಾನ ನೀರಿನ ನಲ್ಲಿಯ ಬಳಿ ಹರಾಜಾಗುತ್ತದೆ. ‘ಇವರು ಕೆಟ್ಟವರಲ್ಲ’ ಎಂದು ಬರೆದ ನೀವೇ ಅದನ್ನು ಬಯಸಲಾರಿರಿ.

ವಾಪಸ್ ಹೋಗುವುದು ಅವಮಾನವಲ್ಲ. ಮೂರು ತಿಂಗಳ ತರಬೇತಿ, ಎರಡು ವರ್ಷದ ಕೆಲಸ, ಒಟ್ಟು 27 ತಿಂಗಳು ಎಲ್ಲರ ಪಾಲಿಗೂ ಅಲ್ಲ, ತರಬೇತಿ ಇರುವುದೇ ಅದನ್ನು ನೀವೂ ಸಂಸ್ಥೆಯೂ ಪರೀಕ್ಷಿಸಿಕೊಳ್ಳಲಿ ಎಂದು. ಆದರೆ ತರಬೇತಿಯ ಮನೆಯನ್ನು ನೋಡಿ ಆ ಎರಡು ವರ್ಷವನ್ನು ಅಳೆಯಬೇಡಿ. ಈಗ ನಿಮ್ಮ ದಿನವೆಲ್ಲ ತರಗತಿಗಳಲ್ಲಿ ಕಳೆಯುತ್ತದೆ, ಕೆಲಸವಿಲ್ಲ, ಭಾಷೆಯಿಲ್ಲ, ಊರಿನಲ್ಲಿ ನಿಮಗೊಂದು ಹೆಸರಿಲ್ಲ. ಶಾಲೆಗೆ ಹೋಗತೊಡಗಿದ ಮೇಲೆ ‘ಮಿಸ್’ ಎಂಬ ಸ್ಥಾನ ಬರುತ್ತದೆ, ಮನೆಯಲ್ಲಿ ಮಾತಾಡುವ ಬಲವೂ ಅದರ ಜೊತೆ ಬರುತ್ತದೆ. ಮುಂದಿನ ಮನೆ ಎಂಥದಾಗಿರಬೇಕೆಂದು ಈಗಲೇ ಕಚೇರಿಯವರಿಗೆ ಬರೆದುಕೊಡಿ, ಮುಟ್ಟಿನ ನಿಯಮದ ಬಗ್ಗೆಯೂ ಸೇರಿಸಿ. ಮನೆ ಹುಡುಕುವ ಮೊದಲೇ ಹೇಳಿದರೆ ಕೇಳುವವರಿರುತ್ತಾರೆ. ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಬೆಳಗ್ಗೆ ಏಳಲು ಮನಸ್ಸೇ ಬಾರದೆ ಎರಡು ವಾರವಾದರೆ ವೈದ್ಯಾಧಿಕಾರಿಯನ್ನು ಕಾಣಿ. ಹೋಗುವ ತೀರ್ಮಾನವನ್ನು ಮಾತ್ರ ರಾತ್ರಿಯ ಹೊತ್ತು, ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ ಬೆನ್ನಿಗೆ ಮಾಡಬೇಡಿ.

ಶನಿವಾರ ಅಲ್ಲಿ ರಜೆ. ಆ ದಿನ ಆಮಾಗೆ ‘ಮಲಾಈ ಢಿಂಡೊ ಸಿಕಾಉನುಸ್’, ನನಗೆ ಢಿಂಡೊ ಮಾಡುವುದು ಕಲಿಸಿ, ಎಂದು ಕೇಳಿ ನೋಡಿ. ಢಿಂಡೊ ಎಂದರೆ ಹಿಟ್ಟಿನ ಮುದ್ದೆ, ಅದಕ್ಕೆ ಹಾಕುವ ಅವರ ಕೋದೊ ನಮ್ಮ ರಾಗಿಯೇ. ಆದರೆ ಮುದ್ದೆ ನನಗೆ ಗೊತ್ತು ಎಂದು ಕೋಲು ಕಸಿದುಕೊಳ್ಳಬೇಡಿ, ಅವರು ತಿರುವುವ ರೀತಿ, ಹದ, ಜೊತೆಗಿಡುವ ಗುಂದ್ರುಕ್ (ಹುಳಿ ಬರಿಸಿ ಒಣಗಿಸಿದ ಸೊಪ್ಪು) ಸಾರು ಎಲ್ಲ ಬೇರೆ. ಗೊತ್ತಿಲ್ಲದವರಂತೆ ಪಕ್ಕದಲ್ಲಿ ಕೂತು ಕಲಿಯಿರಿ. ಅದಾದ ಮೇಲಿನ ವಾರ ನಿಮ್ಮ ಭಾಷಾ ಶಿಕ್ಷಕಿಯನ್ನು ಸಂಜೆ ಮನೆಗೆ ಕರೆದುಕೊಂಡು ಬನ್ನಿ, ಊಟಕ್ಕೆ ಜೊತೆಯಲ್ಲಿ ಕೂರುವ ಮಾತನ್ನು ಅವರ ಮೂಲಕ, ಜಗಲಿಯಲ್ಲಿ, ಗಂಡಸರು ಇಲ್ಲದ ಹೊತ್ತಿನಲ್ಲಿ ಆಡಿಸಿ. ನಿಮ್ಮ ಮುಂದಿನ ಮುಟ್ಟಿನ ದಿನಗಳಿಗೆ ಇನ್ನೂ ಮೂರು ವಾರವಿರಬೇಕು, ಅಷ್ಟರೊಳಗೆ ಈ ಮಾತು ಮುಗಿದಿರಲಿ.